ಎರಡೇ ಸೀಸನ್ ನಡೆದ ‘ದಿ ಮಂಕೀಸ್’ ಅಷ್ಟು ವರ್ಷ ಟಿವಿಯಲ್ಲಿ ಉಳಿದದ್ದು ಹೇಗೆ?

ಮರುಪ್ರಸಾರದಿಂದಲೇ. ಹೆಸರು ಮಾಡಲು ಒದ್ದಾಡುವ ನಾಲ್ವರು ಹುಡುಗರ ಬ್ಯಾಂಡಿನ ಈ ಹಾಸ್ಯ ಧಾರಾವಾಹಿ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ 1966ರ ಸೆಪ್ಟೆಂಬರ್ 12ರಂದು ಶುರುವಾಯಿತು. 1968ರ ಮಾರ್ಚ್‌ಗೆ ಹೊಸ ಕಂತುಗಳು ಮುಗಿದವು. ಒಟ್ಟು 58 ಕಂತು, ಅಷ್ಟೇ. ಆದರೆ ನಟಿಸಿದ ಹುಡುಗರು ಅದೇ ಹೆಸರಿನ ನಿಜವಾದ ಬ್ಯಾಂಡ್ ಕೂಡ ಆಗಿದ್ದರು.

1969ರ ಸೆಪ್ಟೆಂಬರ್‌ನಲ್ಲಿ ಸಿಬಿಎಸ್ ಎಂಬ ಇನ್ನೊಂದು ಚಾನೆಲ್ ಇದನ್ನು ಶನಿವಾರ ಬೆಳಗ್ಗೆ, ಮಕ್ಕಳು ಕಾರ್ಟೂನ್ ನೋಡುವ ಹೊತ್ತಿಗೆ ಹಾಕಿತು. ನನಗೆ ಮಜಾ ಅನ್ನಿಸುವುದು ಇಲ್ಲಿ. ಕೆಲವು ಕಂತುಗಳಲ್ಲಿ ಹಳೆಯ ಹಾಡು ತೆಗೆದು, ಬ್ಯಾಂಡಿನ ಹೊಸ ಆಲ್ಬಮ್‌ಗಳ ಹಾಡು ಸೇರಿಸಿದರು. ನಾಲ್ವರಲ್ಲಿ ಒಬ್ಬರಾದ ಪೀಟರ್ ಟಾರ್ಕ್ 1968ರ ಕೊನೆಗೇ ಬ್ಯಾಂಡ್ ಬಿಟ್ಟಿದ್ದರು. ಆದರೂ ಪರದೆ ಮೇಲೆ ಅವರು ಕುಣಿಯುತ್ತಿದ್ದಾರೆ, ಹಿಂದೆ ಕೇಳುತ್ತಿರುವುದು ಅವರಿಲ್ಲದೆ ಮಾಡಿದ ಹಾಡು! ಒಂಥರಾ ಪುಕ್ಕಟೆ ಜಾಹೀರಾತು, ಅಲ್ವಾ?

1972ರಲ್ಲಿ ಎಬಿಸಿ ಚಾನೆಲ್ ತೆಗೆದುಕೊಂಡು ಒಂದು ವರ್ಷ ತೋರಿಸಿತು. ಆಮೇಲೆ 1975ರಿಂದ ಸಿಂಡಿಕೇಶನ್, ಅಂದರೆ ಊರೂರಿನ ಸ್ಟೇಷನ್‌ಗಳು ಬೇಕಾದ ಹೊತ್ತಿಗೆ ಹಾಕಿಕೊಳ್ಳುವ ವ್ಯವಸ್ಥೆ.

ದೊಡ್ಡ ತಿರುವು 1986ರ ಫೆಬ್ರವರಿ 23, ಭಾನುವಾರ. ಸಂಗೀತ ಚಾನೆಲ್ ಎಂಟಿವಿ ಒಂದರ ಹಿಂದೊಂದು ಕಂತು ಹಾಕಿ ಮ್ಯಾರಥಾನ್ ನಡೆಸಿತು. ಹಾಡಿಗೆ ತಕ್ಕಂತೆ ಚಕಚಕ ಕತ್ತರಿಸಿದ ದೃಶ್ಯಗಳು ಮ್ಯೂಸಿಕ್ ವಿಡಿಯೋ ನೋಡಿ ಬೆಳೆದ ಹುಡುಗರಿಗೆ ಹಳೆಯದು ಅನ್ನಿಸಲೇ ಇಲ್ಲ. ಮಕ್ಕಳ ಚಾನೆಲ್ ನಿಕಲೋಡಿಯನ್ ಕೂಡ ತೋರಿಸತೊಡಗಿತು. ಅದೇ ವರ್ಷ ಬ್ಯಾಂಡ್ ನಡೆಸಿದ 20ನೇ ವರ್ಷದ ಸಂಗೀತ ಪ್ರವಾಸಕ್ಕೆ ಜನ ಮುಗಿಬಿದ್ದರು. ಅವರಲ್ಲಿ ಎಷ್ಟೋ ಮಂದಿ ಮೊದಲ ಪ್ರಸಾರದ ಹೊತ್ತಿಗೆ ಹುಟ್ಟಿಯೇ ಇರಲಿಲ್ಲ.