ಬರೆಯುವ ಮೊದಲು ಬಾಯಿಬಿಟ್ಟು ಹೇಳಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಭಾಷಣದ ಬಗ್ಗೆ. ಮೊದಲ ಸಲ ವೇದಿಕೆ ಹತ್ತುವವರೂ ಬರೆದಿದ್ದೀರಿ, ಹತ್ತಿ ಅಭ್ಯಾಸವಾದವರೂ ಬರೆದಿದ್ದೀರಿ. ಜನರ ಮುಂದೆ ಮಾತಾಡುವುದನ್ನು ಕಲಿಸುವುದೇ ನನ್ನ ಕೆಲಸ. ಹಾಗಾಗಿ ಈ ಪತ್ರಗಳನ್ನು ಓದಿ ತುಂಬಾ ಖುಷಿಯಾಯಿತು. ಕೆಲವಕ್ಕೆ ಉದ್ದ ಉತ್ತರ ಬೇಕಿತ್ತು, ಕೆಲವಕ್ಕೆ ನಾಲ್ಕು ಮಾತು ಸಾಕು.

ಪ್ರಶ್ನೆ: ನಮ್ಮ ಕಚೇರಿಯ ಹಿರಿಯರೊಬ್ಬರು ನಿವೃತ್ತರಾಗುತ್ತಿದ್ದಾರೆ. ಎಲ್ಲರ ಪರವಾಗಿ ಐದು ನಿಮಿಷ ಮಾತಾಡಲು ನನಗೆ ಹೇಳಿದ್ದಾರೆ. ಎಷ್ಟು ಬರೆದರೂ ಯಾರದೋ ಭಾಷಣದ ಹಾಗೆ ಕಾಣುತ್ತೆ. ಕರಡು ಜೊತೆಗಿಟ್ಟಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಮೊದಲು ಪೆನ್ನು ಕೆಳಗಿಡಿ. ತೊಂದರೆ ಶುರುವಾಗಿರುವುದೇ ಅಲ್ಲಿ. ಕಾಗದದ ಮುಂದೆ ಕೂತ ತಕ್ಷಣ ನಾವೆಲ್ಲ ಓದುವವರಿಗಾಗಿ ಬರೆಯತೊಡಗುತ್ತೇವೆ. ವಾಕ್ಯ ಉದ್ದವಾಗುತ್ತೆ. ಯಾವತ್ತೂ ಬಾಯಲ್ಲಿ ಆಡದ ಪದಗಳು ಬಂದು ಸೇರಿಕೊಳ್ಳುತ್ತವೆ. ಓದುವವರಿಗೆ ಅರ್ಥವಾಗದಿದ್ದರೆ ಹಿಂದಿನ ಸಾಲಿಗೆ ಹೋಗಬಹುದು. ಕೇಳುವವರಿಗೆ ಆ ಅವಕಾಶ ಇಲ್ಲ, ಕಿವಿ ದಾಟಿ ಹೋದದ್ದು ಹೋಯಿತು. ಅದಕ್ಕೇ ಭಾಷಣ ಮೊದಲು ಬಾಯಲ್ಲಿ ಹುಟ್ಟಬೇಕು. ಬರೆಯುವುದು ಆಮೇಲೆ.

ನಿಮ್ಮ ಕರಡಿನ ಮೊದಲ ಸಾಲು ಹೀಗಿದೆ: "ಶ್ರೀಯುತರು ಕರ್ತವ್ಯನಿಷ್ಠೆ, ಶಿಸ್ತು ಹಾಗೂ ಸರಳತೆಗೆ ಹೆಸರಾದವರು." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ನಿವೃತ್ತರಾಗುವ ಯಾರ ಬಗ್ಗೆ ಬೇಕಾದರೂ ಇದನ್ನು ಹೇಳಬಹುದು, ಅಲ್ವಾ? ಅದೇ ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಮಾತು ಸೇರಿಸಿದ್ದೀರಿ. ನೀವು ಹೊಸದಾಗಿ ಕೆಲಸಕ್ಕೆ ಸೇರಿದಾಗ ಲೆಕ್ಕ ತಾಳೆಯಾಗದೆ ಒದ್ದಾಡುತ್ತಿದ್ದಿರಿ, ಮನೆಗೆ ಹೊರಟಿದ್ದ ಅವರು ವಾಪಸ್ ಬಂದು ರಾತ್ರಿವರೆಗೂ ಜೊತೆಗೆ ಕೂತರು ಅಂತ. ನಿಮ್ಮ ಭಾಷಣ ಇರುವುದು ಅಲ್ಲಿ, ಮೊದಲ ಸಾಲಿನಲ್ಲಲ್ಲ.

ಈಗ ಹೀಗೆ ಮಾಡಿ. ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ. ಎದ್ದು ನಿಂತು, ಅವರನ್ನು ನೋಡೇ ಇರದ ಸ್ನೇಹಿತರೊಬ್ಬರಿಗೆ ಆ ರಾತ್ರಿಯ ಕತೆ ಹೇಳಿ. ತಡವರಿಸಿದರೆ ತಡವರಿಸಿ, ನಿಲ್ಲಿಸಬೇಡಿ. ಆಮೇಲೆ ಕೇಳಿಸಿಕೊಳ್ಳಿ. ಹೆಚ್ಚುಕಡಿಮೆ ಹೀಗಿರುತ್ತೆ: "ಎಲ್ಲರೂ ಹೊರಟಿದ್ದರು. ಇವರೂ ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದರು. ನನ್ನ ಮುಖ ನೋಡಿದರು. ಏನಾಯ್ತು ಅಂತ ಕೂಡ ಕೇಳಲಿಲ್ಲ. ಬ್ಯಾಗು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು, ತೋರಿಸಪ್ಪಾ ಅಂದರು." ಬ್ಯಾಗು, ಕುರ್ಚಿ ನಾನು ಊಹಿಸಿದ್ದು. ನಿಮ್ಮ ನೆನಪಿನಲ್ಲಿ ಏನಿದೆಯೋ ಅದನ್ನೇ ಹಾಕಿ. ಇಷ್ಟು ಕೇಳಿದ ಮೇಲೆ ಅವರ ಕರ್ತವ್ಯನಿಷ್ಠೆ, ಸರಳತೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಸಭೆ ತಾನೇ ಅರ್ಥ ಮಾಡಿಕೊಳ್ಳುತ್ತೆ.

ಆಮೇಲೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಸಭೆ ಮುಗಿಸಿ ಹೊರಗೆ ಹೋಗುವ ಒಬ್ಬರು, ಇವರು ಏನು ಹೇಳಿದರು ಅಂತ ಯಾರಾದರೂ ಕೇಳಿದರೆ ಯಾವ ಒಂದು ಮಾತು ಹೇಳಬೇಕು? "ಕಷ್ಟದಲ್ಲಿದ್ದವರನ್ನು ಅವರು ಕೇಳುವ ಮೊದಲೇ ಗುರುತಿಸುತ್ತಿದ್ದರಂತೆ." ಅದು ಸಿಕ್ಕಿತು ಅಂದರೆ ಉಳಿದದ್ದು ಸುಲಭ. ಅದಕ್ಕೆ ಹೊಂದುವುದು ಇರಲಿ, ಹೊಂದದ್ದು ಎಷ್ಟೇ ಚೆನ್ನಾಗಿದ್ದರೂ ಬಿಡಿ. ಇನ್ನೊಬ್ಬ ಸಹೋದ್ಯೋಗಿಯನ್ನು ಕೇಳಿ ಅದೇ ಬಗೆಯ ಚಿಕ್ಕ ಘಟನೆಯೊಂದನ್ನು ತೆಗೆದುಕೊಳ್ಳಿ. ಎಲ್ಲರ ಪರವಾಗಿ ಮಾತಾಡುತ್ತಿದ್ದೀರಲ್ಲ, ನಿಮ್ಮೊಬ್ಬರ ಕತೆ ಸಾಲದು. ಕೊನೆಗೆ ಸಭೆಯಿಂದ ಅವರ ಕಡೆಗೆ ತಿರುಗಿ, ನೇರವಾಗಿ ಅವರಿಗೇ ಎರಡು ವಾಕ್ಯ ಹೇಳಿ ಕೂತುಬಿಡಿ.

ಚಿಕ್ಕದಾಯಿತೇನೋ ಅನ್ನುವ ಅಳುಕು ಬೇಡ. 1863ರ ನವೆಂಬರ್ 19ರಂದು ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನದ ಸಮರ್ಪಣೆ ನಡೆಯಿತು. ಅಂದಿನ ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್. ಆ ಕಾಲದ ದೊಡ್ಡ ವಾಗ್ಮಿ, ಸುಮಾರು ಎರಡು ಗಂಟೆ ಮಾತಾಡಿದರು. ನಂತರ ಎದ್ದ ದೇಶದ ಅಧ್ಯಕ್ಷ ಅಬ್ರಹಾಂ ಲಿಂಕನ್ ಆಡಿದ್ದು ಸುಮಾರು 270 ಪದ, ಎರಡು ಮೂರು ನಿಮಿಷದ ಮಾತು. ಮರುದಿನ ಎವರೆಟ್ ಅವರೇ ಲಿಂಕನ್‌ಗೆ ಪತ್ರ ಬರೆದು, ನೀವು ಎರಡು ನಿಮಿಷದಲ್ಲಿ ಮುಟ್ಟಿದ ವಿಷಯದ ತಿರುಳಿನ ಹತ್ತಿರಕ್ಕಾದರೂ ನಾನು ಎರಡು ಗಂಟೆಯಲ್ಲಿ ಬಂದಿದ್ದೇನೆ ಅಂದುಕೊಳ್ಳಲು ಸಾಧ್ಯವಾಗಿದ್ದರೆ ಸಂತೋಷಪಡುತ್ತಿದ್ದೆ ಅಂದರು. ಅದನ್ನು ಒಪ್ಪಿ ಬರೆದ ಎವರೆಟ್ ಬಗ್ಗೆಯೂ ನನಗೆ ಬಹಳ ಗೌರವ.

ಸಮಯದ ವಿಷಯದಲ್ಲಿ ಪದಗಳ ಲೆಕ್ಕ ನಂಬಬೇಡಿ. ನಿಮಿಷಕ್ಕೆ 130 ಪದ, 150 ಪದ ಅಂತ ಹೇಳುವುದು ಇಂಗ್ಲಿಷಿನ ಅಳತೆ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಸೇರಿ ಪದ ಉದ್ದವಾಗುತ್ತೆ, ಆ ಲೆಕ್ಕ ಕೂಡಿ ಬರುವುದಿಲ್ಲ. ಗಡಿಯಾರ ಇಟ್ಟುಕೊಂಡು ಜೋರಾಗಿ ಹೇಳಿ ನೋಡಿ. ಐದು ನಿಮಿಷ ಕೊಟ್ಟಿದ್ದರೆ ಕೋಣೆಯಲ್ಲಿ ನಾಲ್ಕಕ್ಕೆ ಮುಗಿಯಲಿ. ಚಪ್ಪಾಳೆ, ನಗು, ನಿಮ್ಮ ಗಂಟಲು ಕಟ್ಟುವುದು, ಎಲ್ಲಕ್ಕೂ ಜಾಗ ಬೇಕು.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ. ಮಾತಾಡಲು ನಿಂತರೆ ಕೈ ನಡುಗುತ್ತೆ, ಬಾಯಿ ಒಣಗುತ್ತೆ. ನನ್ನ ಭಯ ಎಲ್ಲರಿಗೂ ಕಾಣುತ್ತಿದೆ ಅನ್ನುವುದೇ ದೊಡ್ಡ ಭಯ.

ನಿಮ್ಮ ಪತ್ರದ ಕೊನೆಯ ವಾಕ್ಯ ನನಗೆ ತುಂಬಾ ಮುಖ್ಯ ಅನ್ನಿಸಿತು. ಯಾಕೆಂದರೆ ಅದು ನಿಜವಲ್ಲ. ನಿಮಗೆ ಒಳಗೆ ಆಗುತ್ತಿರುವುದರಲ್ಲಿ ಹೊರಗೆ ಕಾಣುವುದು ಸ್ವಲ್ಪವೇ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಇದರ ಬಗ್ಗೆ ಅಧ್ಯಯನ ಪ್ರಕಟಿಸಿದರು. ಭಾಷಣ ಮಾಡಿದವರು ತಮ್ಮ ಅಂಜಿಕೆ ಎಷ್ಟು ಕಾಣುತ್ತೆ ಅಂದುಕೊಂಡಿದ್ದರೋ, ನೋಡಿದವರಿಗೆ ಅದಕ್ಕಿಂತ ಕಡಿಮೆ ಕಂಡಿತ್ತು. ಇನ್ನೂ ಒಳ್ಳೆಯ ಸಂಗತಿ ಅಂದರೆ, ಈ ವಿಷಯವನ್ನು ಮುಂಚೆಯೇ ತಿಳಿಸಿದ್ದವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಈಗ ನಿಮಗೂ ತಿಳಿಯಿತು.

ನಡುಕ ಯಾಕೆ ಬರುತ್ತೆ? ಎಲ್ಲ ಕಣ್ಣು ತನ್ನ ಮೇಲಿದ್ದಾಗ ಮೈ ಅದನ್ನು ಅಪಾಯ ಅಂತ ತಿಳಿದು ಅಡ್ರಿನಲಿನ್ ಬಿಡುತ್ತೆ. ಎದೆ ಜೋರಾಗಿ ಬಡಿಯುತ್ತೆ, ಜೊಲ್ಲು ಕಡಿಮೆಯಾಗುತ್ತೆ, ಉಸಿರು ಮೇಲೆ ಮೇಲೆ ಆಡುತ್ತೆ. ಇದನ್ನು ಪೂರ್ತಿ ನಿಲ್ಲಿಸಲು ಹೋಗಬೇಡಿ. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದಕ್ಕೆ ಜಾಸ್ತಿ ಹೊತ್ತು ಕೊಡಿ. ಉಸಿರು ನಿಧಾನವಾಗಿ ಹೊರಹೋಗುವಾಗ ಎದೆಬಡಿತ ತಗ್ಗುತ್ತೆ. ಕೈಯಲ್ಲಿ ತೆಳ್ಳಗಿನ ಹಾಳೆ ಹಿಡಿಯಬೇಡಿ, ಚಿಕ್ಕ ನಡುಕವೂ ಅದರಲ್ಲಿ ದೊಡ್ಡದಾಗಿ ಕಾಣುತ್ತೆ. ಗಟ್ಟಿ ಕಾರ್ಡು ಇರಲಿ. ಮೊದಲ ಎರಡು ವಾಕ್ಯ ಮಾತ್ರ ನಿದ್ದೆಯಲ್ಲಿ ಎಬ್ಬಿಸಿದರೂ ಬರಬೇಕು. ಎದೆಬಡಿತ ತೀರಾ ಜೋರಾಗಿರುವುದು ಆ ಮೊದಲ ಗಳಿಗೆಯಲ್ಲೇ. ಅದನ್ನು ದಾಟಿಸುವಷ್ಟು ಕಂಠಪಾಠ ಸಾಕು.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಲಂಡನ್ನಿನ ದಿನಗಳ ಬಗ್ಗೆ ಬರೆದಿದ್ದಾರೆ. ಸಸ್ಯಾಹಾರಿ ಸಂಘದ ಸಮಿತಿಯಲ್ಲಿ ತಾವು ಬರೆದು ತಂದದ್ದನ್ನು ಓದಲು ಧೈರ್ಯ ಬರದೆ ಬೇರೆಯವರು ಓದಬೇಕಾಯಿತು. ಊರಿಗೆ ಹೊರಡುವ ಮುಂಚೆ ಗೆಳೆಯರನ್ನು ಊಟಕ್ಕೆ ಕರೆದಾಗ ಮೊದಲ ವಾಕ್ಯ ದಾಟಿ ಮುಂದೆ ಹೋಗಲಾಗಲಿಲ್ಲ. ಈ ಸಂಕೋಚದಿಂದಲೇ ಕಡಿಮೆ ಮಾತಿನಲ್ಲಿ ಹೇಳುವುದನ್ನು ಕಲಿತೆ ಅಂತಲೂ ಅವರು ಹೇಳುತ್ತಾರೆ. ನಿಮ್ಮ ವಯಸ್ಸಿನಲ್ಲಿ ಕೈ ನಡುಗಿದರೆ ಅದರಿಂದ ಮುಂದಿನದನ್ನು ತೀರ್ಮಾನಿಸಬೇಡಿ.

ಪ್ರಶ್ನೆ: ಭಾಷಣ ಪೂರ್ತಿ ಬಾಯಿಪಾಠ ಮಾಡಬೇಕೇ, ನೋಡಿಕೊಂಡು ಓದಬಹುದೇ?

ಪೂರ್ತಿ ಬಾಯಿಪಾಠ ಅಪಾಯ. ಒಂದು ಪದ ಜಾರಿದರೆ ಮುಂದಿನದೆಲ್ಲ ಜಾರುತ್ತೆ. ಸ್ಪರ್ಧೆಗಳಲ್ಲಿ ತೀರ್ಪುಗಾರಳಾಗಿ ಕೂತಾಗ ಇದನ್ನು ನೋಡುವುದೇ ನನಗೆ ಸಂಕಟ. ಮಗು ಚೆನ್ನಾಗಿ ಹೇಳುತ್ತಿರುತ್ತೆ, ಇದ್ದಕ್ಕಿದ್ದಂತೆ ಕಣ್ಣು ಚಾವಣಿಗೆ ಹೋಗುತ್ತೆ. ವಿಷಯ ಅದಕ್ಕೆ ಗೊತ್ತು, ಪದ ಮಾತ್ರ ಸಿಗುತ್ತಿಲ್ಲ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. ವಿನ್‌ಸ್ಟನ್ ಚರ್ಚಿಲ್ 1904ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಬಾಯಿಪಾಠದ ಭಾಷಣ ಮಾಡುತ್ತಾ ನಡುವೆ ಮರೆತು, ಎಷ್ಟು ಹುಡುಕಿದರೂ ಸಿಗದೆ ಕೂತುಬಿಟ್ಟರು. ಆಮೇಲೆ ಅವರು ಟಿಪ್ಪಣಿ ಬಿಟ್ಟು ಏಳಲಿಲ್ಲ. ಅವುಗಳನ್ನು ಪದ್ಯದ ಹಾಗೆ ತುಂಡು ತುಂಡು ಸಾಲುಗಳಲ್ಲಿ ಹಾಕಿಸುತ್ತಿದ್ದರು. ಎಲ್ಲಿ ನಿಲ್ಲಬೇಕು ಅನ್ನುವುದು ಕಣ್ಣಿಗೇ ಕಾಣುತ್ತಿತ್ತು. ಓದಲೇಬೇಕಾದ ಭಾಷಣಕ್ಕೆ ಇದು ಇವತ್ತಿಗೂ ಒಳ್ಳೆಯ ಉಪಾಯ. ಒಂದು ಉಸಿರಿಗೆ ಒಂದು ಸಾಲು, ದೊಡ್ಡ ಅಕ್ಷರ, ಹಾಳೆಯ ಮೇಲಿನ ಅರ್ಧದಲ್ಲಿ ಮಾತ್ರ. ಕೆಳಗಿನ ಅರ್ಧಕ್ಕೆ ಇಳಿದರೆ ನಿಮ್ಮ ತಲೆಯೂ ಬಾಗುತ್ತೆ.

ಉಳಿದವರಿಗೆ ನನ್ನ ಸಲಹೆ: ವಿಷಯಗಳ ಸಾಲು ನೆನಪಿರಲಿ, ವಾಕ್ಯಗಳು ಪ್ರತಿ ಸಲ ಬೇರೆ ಬೇರೆಯಾಗಿಯೇ ಬರಲಿ. ಒಂದು ಕಾರ್ಡಿನಲ್ಲಿ ಐದಾರು ಪದ ಸಾಕು. ನಿಂತುಕೊಂಡು, ಅಲ್ಲಿ ಮಾತಾಡುವಷ್ಟೇ ಜೋರಾಗಿ ಹಲವು ಸಲ ಹೇಳಿ. ಮನಸ್ಸಿನಲ್ಲೇ ಓದಿಕೊಂಡದ್ದು ತಯಾರಿಯಲ್ಲ. ನಾಲಿಗೆ ಎಲ್ಲಿ ತೊಡರುತ್ತೆ, ಉಸಿರು ಎಲ್ಲಿ ಸಾಲುವುದಿಲ್ಲ ಅನ್ನುವುದು ಬಾಯಿಬಿಟ್ಟಾಗಲೇ ತಿಳಿಯುವುದು.

1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಭಾಷಣವನ್ನು ಆಶುಭಾಷಣಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಕೈಯಲ್ಲಿ ಬರೆದ ಪ್ರತಿ ಇತ್ತು. ಕೊನೆಯ ಭಾಗದಲ್ಲಿ, ಹತ್ತಿರವೇ ಇದ್ದ ಗಾಯಕಿ ಮಹಾಲಿಯಾ ಜಾಕ್ಸನ್ ಕನಸಿನ ಬಗ್ಗೆ ಹೇಳಿ ಅಂತ ಕೂಗಿದರು. ಕಿಂಗ್ ಪ್ರತಿಯನ್ನು ಬಿಟ್ಟು, ನನಗೊಂದು ಕನಸಿದೆ ಅಂತ ಮಾತಾಡಿದರು. ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ಆ ಕನಸಿನ ಮಾತನ್ನು ಅವರು ಮುಂಚೆಯೂ ಬೇರೆ ವೇದಿಕೆಗಳಲ್ಲಿ ಆಡಿದ್ದರು, ಎರಡು ತಿಂಗಳ ಹಿಂದೆ ಡೆಟ್ರಾಯಿಟ್‌ನಲ್ಲೂ ಆಡಿದ್ದರು. ಆ ಮಾತು ಆ ಕಾಗದದಲ್ಲಿ ಇರಲಿಲ್ಲ ನಿಜ, ಬಾಯಲ್ಲಿ ಪಳಗಿತ್ತು.

ಪ್ರಶ್ನೆ: ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಬರೀ ಶೇಕಡ 7, ಉಳಿದ 93 ಹಾವಭಾವ ಮತ್ತು ದನಿಯದ್ದು ಅಂತ ತರಬೇತಿಯಲ್ಲಿ ಹೇಳಿದರು. ಹೌದೇ?

ಅಲ್ಲ. ಈ ಅಂಕಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದದ್ದು. ಅಲ್ಲಿ ಭಾಷಣವೇ ಇರಲಿಲ್ಲ. ಒಂಟಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋ ತೋರಿಸಿ, ಹೇಳುವವರಿಗೆ ಇಷ್ಟವೋ ಇಷ್ಟವಿಲ್ಲವೋ ಅಂತ ಊಹಿಸಲು ಹೇಳಿದ್ದರು. ಭಾವನೆ, ಇಷ್ಟಾನಿಷ್ಟದ ಮಾತಿಗಲ್ಲದೆ ಬೇರೆಯದಕ್ಕೆ ಇದು ಅನ್ವಯಿಸುವುದಿಲ್ಲ ಅಂತ ಮೆಹ್ರೇಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ಈ ಲೆಕ್ಕ ನಂಬಿ ಜನ ಕನ್ನಡಿ ಮುಂದೆ ಕೈ ಬೀಸುವುದನ್ನು ಕಲಿಯುತ್ತಾರೆ, ಹೇಳುವುದಕ್ಕೆ ಏನಿದೆ ಅಂತ ಯೋಚಿಸುವುದನ್ನು ಬಿಡುತ್ತಾರೆ. ಅದು ನನಗೆ ನಿಜವಾಗಿ ಬೇಸರದ ವಿಷಯ. ಕೈ ಎಲ್ಲಿಡಲಿ ಅಂದರೆ, ಸುಮ್ನೆ ಪಕ್ಕದಲ್ಲಿ ಇಳಿಬಿಡಿ. ಮಾತಿನಲ್ಲಿ ಹುರುಪು ಬಂದರೆ ಅದು ತಾನಾಗಿ ಮೇಲೇಳುತ್ತೆ.

ಪ್ರಶ್ನೆ: ನಾನು ತುಂಬಾ ವೇಗವಾಗಿ ಮಾತಾಡುತ್ತೇನಂತೆ. ನಿಧಾನ ಮಾಡಲು ಹೋದರೆ ಕೃತಕ ಅನ್ನಿಸುತ್ತೆ.

ವೇಗ ತಗ್ಗಿಸಬೇಡಿ, ನಿಲ್ಲುವುದನ್ನು ಕಲಿಯಿರಿ. ಒಂದು ವಿಷಯ ಮುಗಿದಾಗ ಬಾಯಿ ಮುಚ್ಚಿ, ಒಬ್ಬರ ಮುಖ ನೋಡಿ, ಉಸಿರು ತೆಗೆದುಕೊಂಡು ಮುಂದಿನದಕ್ಕೆ ಹೋಗಿ. ನಿಮಗೆ ಆ ಮೌನ ವಿಪರೀತ ಉದ್ದ ಅನ್ನಿಸುತ್ತೆ. ಕೇಳುವವರಿಗೆ ಅದು ಹೇಳಿದ್ದನ್ನು ಒಳಗೆ ಇಳಿಸಿಕೊಳ್ಳುವ ಹೊತ್ತು. ನಿಮ್ಮ ರೆಕಾರ್ಡಿಂಗ್ ಕೇಳಿದರೆ ಗೊತ್ತಾಗುತ್ತೆ, ಆ ಮೌನ ಅಲ್ಲಿ ಎಷ್ಟು ಚಿಕ್ಕದಾಗಿದೆ ಅಂತ.

ಪ್ರಶ್ನೆ: ಹದಿನೈದು ನಿಮಿಷಕ್ಕೆ ತಯಾರಾಗಿದ್ದೆ. ಕಾರ್ಯಕ್ರಮ ತಡವಾಗಿ, ಐದರಲ್ಲಿ ಮುಗಿಸಿ ಅಂದರು. ಓಡಿಸಿಬಿಟ್ಟೆ, ಯಾರಿಗೂ ಅರ್ಥವಾಗಲಿಲ್ಲ.

ಹೀಗೆ ಆಗುತ್ತಲೇ ಇರುತ್ತೆ, ಅದಕ್ಕೂ ಮನೆಯಲ್ಲೇ ತಯಾರಾಗಿ. ಹದಿನೈದು ನಿಮಿಷದ್ದು ಮೂರು ಭಾಗ ಇದ್ದರೆ, ಒಂದೇ ಭಾಗ ಇಟ್ಟುಕೊಂಡು ಮೊದಲಿನಿಂದ ಕೊನೆವರೆಗೆ ಹೇಳಿ ಅಭ್ಯಾಸ ಮಾಡಿ. ಮೂರನ್ನೂ ಹಿಂಡಬೇಡಿ. ಬಿಟ್ಟ ಎರಡರ ಬಗ್ಗೆ ಸಭೆಗೆ ಹೇಳಿಕೊಳ್ಳಲೂ ಬೇಡಿ, ಅವು ಇದ್ದವು ಅಂತ ಅವರಿಗೆ ಗೊತ್ತೇ ಇಲ್ಲ.

ಪ್ರಶ್ನೆ: ಭಾಷಣದ ಕೊನೆಗೆ ಸಭಿಕರು ಪ್ರಶ್ನೆ ಕೇಳುವಾಗ ಎಲ್ಲ ಹಾಳಾಗುತ್ತೆ. ಏನು ಮಾಡಲಿ?

ಮೊದಲು ಪ್ರಶ್ನೆಯನ್ನು ಮೈಕಿನಲ್ಲಿ ನಿಮ್ಮ ಮಾತಿನಲ್ಲಿ ಮತ್ತೆ ಹೇಳಿ. ಹಿಂದೆ ಕೂತವರಿಗೆ ಅದು ಕೇಳಿರುವುದಿಲ್ಲ. ನಿಮಗೂ ಯೋಚಿಸಲು ಎರಡು ಉಸಿರಿನ ಸಮಯ ಸಿಗುತ್ತೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ತಿಳಿದು ಹೇಳುವುದಾದರೆ ಯಾವಾಗ ಅಂತಲೂ ಹೇಳಿ. ಒಬ್ಬರೇ ಮತ್ತೆ ಮತ್ತೆ ಕೇಳುತ್ತಿದ್ದರೆ ಅವರಿಗೆ ಉತ್ತರಿಸಿ, ಕಣ್ಣನ್ನು ಸಭೆಯ ಇನ್ನೊಂದು ಕಡೆಗೆ ತಿರುಗಿಸಿ ಬೇರೆಯವರನ್ನು ಕರೆಯಿರಿ.

ಇನ್ನೊಂದು. ಕೊನೆಯ ಪ್ರಶ್ನೆ ಯಾವುದು ಬರುತ್ತೋ ನಿಮ್ಮ ಕೈಯಲ್ಲಿಲ್ಲ, ಅದು ವಿಷಯಕ್ಕೆ ಸಂಬಂಧವೇ ಇಲ್ಲದ್ದೂ ಆಗಬಹುದು. ಹಾಗಾಗಿ ಭಾಷಣದ ಮುಕ್ತಾಯದಿಂದ ಒಂದೆರಡು ವಾಕ್ಯ ತೆಗೆದಿಟ್ಟುಕೊಂಡಿರಿ. ಪ್ರಶ್ನೆಗಳು ಮುಗಿದ ಮೇಲೆ ಅದನ್ನು ಹೇಳಿ, ಧನ್ಯವಾದ ಹೇಳಿ ಇಳಿಯಿರಿ.