ಚಿಗರಿಗೆ ಲಸಿಕೆ: ಮದ್ದಿಗಿಂತ ಗುರುತೇ ಕಷ್ಟ

ಮಾನ್ಯ ಓದುಗರೆ,

ರಾಣೆಬೆನ್ನೂರು ತಾಲೂಕಿನಿಂದ ಬರೆದ ನಿಮ್ಮ ಪತ್ರ ತಲುಪಿದೆ. ಗೋವಿನಜೋಳದ ಎಳೆ ಸುಳಿ ಎರಡು ಸಲ ಚಿಗರಿಗಳ (ಕೃಷ್ಣಮೃಗಗಳ) ಪಾಲಾಯಿತು ಎಂದಿದ್ದೀರಿ. ‘ಕೊಲ್ಲಿರಿ ಎನ್ನುವುದಿಲ್ಲ, ಅಮೆರಿಕದಲ್ಲಿ ಕಾಡುಕುದುರೆಗೆ ಹಾಕುವ ಗರ್ಭನಿರೋಧಕ ಲಸಿಕೆ ಇಲ್ಲಿ ಯಾಕಿಲ್ಲ?’ ಎಂದು ಕೇಳಿದ್ದೀರಿ. ಬೆಳೆ ಕಳೆದುಕೊಂಡವರು ಹೀಗೆ ಕೇಳಿದಾಗ ಹಾರಿಕೆಯ ಉತ್ತರ ಕೊಡಲಾಗದು.

ಆ ಲಸಿಕೆಯ ಹೆಸರು ಪಿಝಡ್‌ಪಿ. ಹಂದಿಯ ಅಂಡಾಣುವಿನ ಹೊರಪೊರೆಯಿಂದ ತೆಗೆದ ಪ್ರೋಟೀನು ಅದು. ಮೈಗೆ ಸೇರಿದಾಗ ಹೆಣ್ಣುಪ್ರಾಣಿಯಲ್ಲಿ ಪ್ರತಿಕಾಯ ಹುಟ್ಟಿ, ತನ್ನದೇ ಅಂಡಾಣುವಿನ ಪೊರೆಗೂ ಅಂಟಿಕೊಳ್ಳುತ್ತದೆ. ವೀರ್ಯಾಣುವಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಆಗಲೇ ಗಬ್ಬವಾಗಿದ್ದರೆ ಅದಕ್ಕೆ ಧಕ್ಕೆಯಿಲ್ಲ. ಕುದುರೆಗೆ ಒಂದು ಡೋಸು 100 ಮೈಕ್ರೋಗ್ರಾಂ, ಅರ್ಧ ಎಂಎಲ್ ದ್ರಾವಣದಲ್ಲಿ. ಅದಕ್ಕೆ ಅಷ್ಟೇ ಎಣ್ಣೆಯಂಥ ಉತ್ತೇಜಕ ಸೇರಿಸಿ, ಎರಡು ಸಿರಿಂಜುಗಳ ಬಾಯಿ ಜೋಡಿಸಿ, ಸುಮಾರು 100 ಸಲ ಅತ್ತಿಂದಿತ್ತ ತಳ್ಳಬೇಕು. ಬೆಳ್ಳಗೆ, ಗಟ್ಟಿಯಾಗಿ ಬಂದು, ನೀರಿಗೆ ಬಿಟ್ಟ ಹನಿ ಹರಡದೆ ನಿಂತರೆ ಸರಿ. ಎಣ್ಣೆ ಬೇರೆ, ನೀರು ಬೇರೆ ಆದರೆ ಮದ್ದು ಮೈಯಲ್ಲಿ ನಿಧಾನವಾಗಿ ಬಿಡುಗಡೆಯಾಗದೆ ಡೋಸು ವ್ಯರ್ಥ. ಎರಡರಿಂದ ಆರು ವಾರದೊಳಗೆ ಎರಡನೇ ಡೋಸು, ಆಮೇಲೆ ವರ್ಷಕ್ಕೊಂದು. ಕೆಲವು ಪ್ರಾಣಿಗಳಿಗೆ ಚುಚ್ಚಿದಲ್ಲಿ ಕೀವುಗಡ್ಡೆ ಏಳುತ್ತದೆ.

ಅಮೆರಿಕದ ಅಸಾಟೀಗ್ ದ್ವೀಪದಲ್ಲಿ 1988ರಲ್ಲಿ ಪ್ರಯೋಗ ಶುರುವಾಗಿ, 1994ರಿಂದ ಇದೇ ನಿರ್ವಹಣೆಯ ಪದ್ಧತಿಯಾಯಿತು. 170ರ ಮೇಲಿದ್ದ ಕುದುರೆಗಳು 100ರ ಒಳಗೆ ಬರಲು ಹತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಸುತ್ತಲೂ ನೀರು; ಮೈಬಣ್ಣ, ಮಚ್ಚೆಗಳಿಂದ ಪ್ರತಿ ಕುದುರೆಯ ಗುರುತು; ಯಾವುದಕ್ಕೆ ಯಾವ ದಿನ ಹಾಕಿದ್ದೆಂಬ ದಾಖಲೆ. ಲಸಿಕೆ ಗೆದ್ದದ್ದು ಈ ದಾಖಲೆಯ ಬಲದಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಚಿಗರಿಯ ವಿಷಯದಲ್ಲಿ ಎಡವುವುದು ಅಲ್ಲೇ. ಹೆಣ್ಣು ಚಿಗರಿಗಳೆಲ್ಲ ಒಂದೇ ಬಣ್ಣ. ಹಿಂಡಿನಲ್ಲಿ 100 ಹೆಣ್ಣಿವೆ, 70ಕ್ಕೆ ಲಸಿಕೆ ಹಾಕಬೇಕು ಎಂದಿಟ್ಟುಕೊಳ್ಳಿ. ತಲಾ ಎರಡರಂತೆ ಮೊದಲ ವರ್ಷವೇ 140 ಡಾರ್ಟುಗಳು (ದೂರದಿಂದ ಹಾರಿಸುವ ಲಸಿಕೆಯ ಸೂಜಿಗಳು) ಗುರಿ ಮುಟ್ಟಬೇಕು. ಗುರುತಿಲ್ಲದಿದ್ದರೆ ಒಂದಕ್ಕೆ ಮೂರು ಸಲ ಬಿದ್ದು, ಇನ್ನೊಂದಕ್ಕೆ ಬೀಳುವುದೇ ಇಲ್ಲ. ಕಿವಿಗೆ ಓಲೆ ಹಾಕೋಣವೆಂದು ಹಿಡಿದರೆ, ಬೆದರಿ ಒದ್ದಾಡಿದ ಪ್ರಾಣಿಯ ಸ್ನಾಯುಗಳೇ ಕರಗತೊಡಗುತ್ತವೆ. ಬಿಟ್ಟ ಕೆಲವು ದಿನಗಳ ಮೇಲೂ ಸಾಯಬಹುದು. ಕುದುರೆಯ ದಪ್ಪ ತೊಡೆಗೂ 30 ಕಿಲೋ ಆಸುಪಾಸಿನ ಚಿಗರಿಯ ತೊಡೆಗೂ ಹೋಲಿಕೆಯಿಲ್ಲ: ಡಾರ್ಟಿನ ಒತ್ತಡ ಸ್ವಲ್ಪ ಹೆಚ್ಚಾದರೂ ಎಲುಬು ಮುರಿದೀತು. ಹುಬ್ಬಳ್ಳಿ-ಧಾರವಾಡದ ವೇಗದ ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟದ್ದು ಸುಮ್ಮನಲ್ಲ. ಒಂದು ಸಲ ಡಾರ್ಟು ಕಂಡ ಹಿಂಡು ಎರಡನೇ ಸಲ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಇನ್ನೊಂದು ತೊಡಕು ಬೆದೆಯದು. ಅಮೆರಿಕದ ಬಿಳಿಬಾಲದ ಜಿಂಕೆಗೆ ಬೆದೆಯ ಕಾಲ ನಿಗದಿಯಾಗಿದೆ, ಅದಕ್ಕೆ ಮುಂಚೆ ಡೋಸು ಮುಗಿಸುತ್ತಾರೆ. ಚಿಗರಿ ವರ್ಷದ ಎಲ್ಲ ತಿಂಗಳಲ್ಲೂ ಮರಿ ಹಾಕಬಲ್ಲದು. ಪಿಝಡ್‌ಪಿ ಹಾಕಿದ ಜಿಂಕೆ ಗಬ್ಬ ನಿಲ್ಲದೆ ಮತ್ತೆ ಮತ್ತೆ ಬೆದೆಗೆ ಬರುತ್ತದೆ, ಗಂಡುಗಳ ಬೆನ್ನಟ್ಟುವಿಕೆಯೂ ಮುಗಿಯುವುದಿಲ್ಲ. ಗೊನಾಕಾನ್ ಎಂಬ ಇನ್ನೊಂದು ಲಸಿಕೆ ಬೆದೆಯ ಹಾರ್ಮೋನನ್ನೇ ತಡೆಯುತ್ತದೆ, ಒಂದೇ ಡೋಸು ವರ್ಷಕ್ಕೂ ಮೀರಿ ಕೆಲಸ ಮಾಡಬಲ್ಲದು. ಆದರೆ ಜಿಂಕೆಗೆ ಅದನ್ನು ಹಿಡಿದು ಕೈಯಿಂದಲೇ ಚುಚ್ಚಬೇಕು.

ಕೇಂದ್ರ ಪರಿಸರ ಸಚಿವಾಲಯ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಗೆ ಇಂಥ ಲಸಿಕೆಯ ಸಂಶೋಧನೆ ವಹಿಸಿದ್ದು ಆನೆ, ನೀಲಗಾಯ್, ಕಾಡುಹಂದಿ, ಮಂಗಗಳಿಗಾಗಿ. ಆ ಪಟ್ಟಿಯಲ್ಲಿ ಚಿಗರಿಯಿಲ್ಲ. ಬೆಕ್ಕಿನಲ್ಲಿ ಪಿಝಡ್‌ಪಿ ಫಲಿಸಲೇ ಇಲ್ಲವಾದ್ದರಿಂದ ಚಿಗರಿಯಲ್ಲೂ ಮೊದಲು ಪರೀಕ್ಷಿಸಬೇಕು. ಗದಗ ಹತ್ತಿರದ ಬಿಂಕದಕಟ್ಟಿ ಮೃಗಾಲಯದಂಥ ಬೇಲಿಯೊಳಗಿನ, ಗುರುತಿರುವ ಪ್ರಾಣಿಗಳೇ ಅದಕ್ಕೆ ತಕ್ಕವು. 119 ಚದರ ಕಿಲೋಮೀಟರಿನ ರಾಣೆಬೆನ್ನೂರು ಧಾಮದಿಂದ ಹೊಲಕ್ಕೆ ಬಂದು ಹೋಗುವ ಹಿಂಡಿನ ಸರದಿ ಆಮೇಲಿನದು.

ಲಸಿಕೆ ಹಾಕಿಸಿಕೊಂಡ ಚಿಗರಿಯೂ ಮೇಯುತ್ತದೆ. ಹಾಗಾಗಿ ಈ ಹಂಗಾಮಿಗೆ ಕಾವಲೇ ಗತಿ: ಮೊಳಕೆಯೊಡೆದ ಮೊದಲ ವಾರಗಳಲ್ಲಿ ಅಕ್ಕಪಕ್ಕದ ಹೊಲದವರು ಸರದಿ ಹಾಕಿಕೊಳ್ಳಿ. ಮತ್ತೆ ಹರಗುವ ಮುನ್ನ ಮೇಯ್ದ ಸಾಲು, ಹೆಜ್ಜೆ, ಹಿಕ್ಕೆ ಕಾಣುವಂತೆ ಫೋಟೊ ತೆಗೆದು, ಉತಾರದೊಂದಿಗೆ (ಪಹಣಿ) ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

— ಸಂಪಾದಕ