ರೋಗನ್ ಅಂದರೆ ತುಪ್ಪವೇ?

ದಾವಣಗೆರೆಯ ಓದುಗರೊಬ್ಬರು ಬರೆಯುತ್ತಾರೆ: "ಕಳೆದ ಸಂಚಿಕೆಯ ಕಾಶ್ಮೀರಿ ಅಡುಗೆ ಪುಟದಲ್ಲಿ ರೋಗನ್ ಜೋಶ್ ಎಂಬ ಮಾಂಸದ ಅಡುಗೆಗೂ ಸಾಸಿವೆ ಎಣ್ಣೆ, ಹಾಕ್ ಸೊಪ್ಪಿಗೂ ಸಾಸಿವೆ ಎಣ್ಣೆ. ರೋಗನ್ ಅಂದರೇ ತುಪ್ಪ ಅಲ್ಲವೇ? ಅಷ್ಟು ಚಳಿಯ ಊರಿನವರು ತುಪ್ಪ ಬಿಟ್ಟು ಈ ಘಾಟು ಎಣ್ಣೆ ತಿನ್ನುತ್ತಾರೆಯೇ? ನಿಮ್ಮ ಮಾತು ನಂಬಿ ಮಾಡಿದ ಸೊಪ್ಪನ್ನು ಮನೆಯಲ್ಲಿ ಒಬ್ಬರೂ ಮುಟ್ಟಲಿಲ್ಲ. ಅರ್ಧ ಬಾಟಲಿ ಎಣ್ಣೆ ಹಾಗೇ ಕೂತಿದೆ, ಏನು ಮಾಡಲಿ?"

ಅಮ್ಮಾ, ಸೊಪ್ಪು ಕೆಟ್ಟದ್ದು ನಿಮ್ಮ ಕೈಯಿಂದಲ್ಲ, ನಮ್ಮ ಪುಟದಿಂದ. "ಎಣ್ಣೆ ಕಾಯಿಸಿ" ಎಂದಷ್ಟೇ ಅಚ್ಚಾಗಿತ್ತು. ನಮ್ಮ ಒಗ್ಗರಣೆಯ ಲೆಕ್ಕದಲ್ಲಿ ಕಾಯಿಸಿದರೆ ಸಾಸಿವೆ ಎಣ್ಣೆಗೆ ಸಾಲದು. ಬಾಣಲೆಯಿಂದ ಹೊಗೆ ಏಳಬೇಕು, ಕಡು ಹಳದಿ ಬಣ್ಣ ತಿಳಿಯಾಗಬೇಕು. ಆಗಲೇ ಮೂಗಿಗೆ ಹೊಡೆಯುವ ಘಾಟು ಇಳಿದು ಎಣ್ಣೆಗೆ ಅದರದ್ದೇ ಒಂದು ರುಚಿ ಬರುವುದು. ಆ ಒಂದು ಸಾಲು ಬಿಟ್ಟದ್ದಕ್ಕೆ ಕ್ಷಮೆ ಇರಲಿ.

ಈಗ ರೋಗನ್. ಪಾರ್ಸಿ ಭಾಷೆಯಲ್ಲಿ ಅದು ಎಣ್ಣೆ, ತುಪ್ಪ, ಕೊಬ್ಬು ಎಲ್ಲಕ್ಕೂ ಸಲ್ಲುವ ಮಾತು. ಹಾಗಾಗಿ ನಿಮ್ಮದು ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಮಾಂಸ ಬೆಂದ ಮೇಲೆ ಕೆಂಪಗೆ ತೇಲಿ ಬರುವ ಜಿಡ್ಡಿದೆಯಲ್ಲ, ರೋಗನ್ ಅಂದರೆ ಅದು. ಕಾಶ್ಮೀರಿ ಪಂಡಿತರ, ಅಂದರೆ ಅಲ್ಲಿನ ಬ್ರಾಹ್ಮಣರ, ಮನೆಯಲ್ಲಿ ಅದು ಬಹುಪಾಲು ಸಾಸಿವೆ ಎಣ್ಣೆಯಿಂದ ಬರುತ್ತದೆ. ಕೆಂಪು ಬರುವುದು ಕಾಶ್ಮೀರಿ ಮೆಣಸಿನಕಾಯಿಯಿಂದ. ನಮ್ಮ ಬ್ಯಾಡಗಿಯ ಹಾಗೆ ಅದಕ್ಕೂ ಬಣ್ಣ ಹೆಚ್ಚು, ಖಾರ ಕಡಿಮೆ. ಅವರ ಹಳೆಯ ಕ್ರಮದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಇಂಗು, ಸೋಂಪಿನ ಪುಡಿ, ಒಣಶುಂಠಿ, ಮೊಸರು, ಅಷ್ಟೇ. ಈರುಳ್ಳಿ ಟೊಮೆಟೊ ಗೊಜ್ಜಿನ ಮೇಲೆ ತುಪ್ಪ ಸುರಿದು ಹೋಟೆಲುಗಳಲ್ಲಿ ಕೊಡುವ ರೋಗನ್ ಜೋಶ್ ಬೇರೆಯೇ ಪದಾರ್ಥ. ಚೆನ್ನಾಗಿರುವುದಿಲ್ಲ ಎನ್ನಲಾರೆ, ನಾನೂ ತಿಂದಿದ್ದೇನೆ.

ಕಣಿವೆಯವರಿಗೆ ಸಾಸಿವೆ ಎಣ್ಣೆ ಹೊಲದಿಂದ ಬಂದದ್ದು. ಭತ್ತ ಕೊಯ್ದ ಗದ್ದೆಗೇ ಸಾಸಿವೆ ಚೆಲ್ಲುತ್ತಾರೆ. ಅದು ಹಿಮದ ಕೆಳಗೆ ಚಳಿಗಾಲ ಕಳೆದು ಮಾರ್ಚ್, ಏಪ್ರಿಲ್‌ನಲ್ಲಿ ಹಳದಿ ಹೂ ಬಿಡುತ್ತದೆ. ದಿನದ ಅಡುಗೆ ಅದರದ್ದು. ಶುಭ ಸಂದರ್ಭಗಳಲ್ಲಿ ಪಂಡಿತರು ಮಾಡುವ ತಹರ್ ಎಂಬ ಅರಿಶಿನದ ಅನ್ನಕ್ಕೂ ಕಾಯಿಸಿದ ಸಾಸಿವೆ ಎಣ್ಣೆಯೇ.

ಹಾಗಾದರೆ ತುಪ್ಪಕ್ಕೆ ಜಾಗವಿಲ್ಲವೇ? ಇದೆ, ಔತಣದಲ್ಲಿದೆ. ಕಾಶ್ಮೀರಿ ಮುಸ್ಲಿಮರ ಮದುವೆಯ ವಾಜ್ವಾನ್ ನೋಡಿ. ಅಂಗಳದಲ್ಲಿ ಸೌದೆ ಒಲೆ, ಸಾಲಾಗಿ ತಾಮ್ರದ ಪಾತ್ರೆ, ಮಾಂಸವನ್ನು ಮರದ ಕೊಡತಿಯಿಂದ ಕಲ್ಲಿನ ಮೇಲೆ ಜಜ್ಜುವ ಸದ್ದು. ಅಡುಗೆ ಮಾಡುವವರನ್ನು ವಾಜಾ ಎನ್ನುತ್ತಾರೆ. ಒಂದು ತ್ರಾಮಿಯ ಸುತ್ತ, ಅಂದರೆ ದೊಡ್ಡ ತಾಮ್ರದ ತಟ್ಟೆಯ ಸುತ್ತ, ನಾಲ್ವರು ಕೂತು ಉಣ್ಣುತ್ತಾರೆ. ಇಲ್ಲಿ ಬರುವ ತಬಕ್ ಮಾಜ್ ತುಪ್ಪವಿಲ್ಲದೆ ಆಗುವುದೇ ಇಲ್ಲ. ಕುರಿಯ ಪಕ್ಕೆಲುಬಿನ ತುಂಡನ್ನು ಸೋಂಪು, ಒಣಶುಂಠಿ, ಏಲಕ್ಕಿಯೊಂದಿಗೆ ಮೆತ್ತಗೆ ಬೇಯಿಸಿ, ನೀರು ಬಸಿದು, ಆಮೇಲೆ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಬಿಡುತ್ತಾರೆ. ಹೊರಗೆ ಗರಿಗರಿಯಾದ ಪದರ, ಒಳಗೆ ಬೆಣ್ಣೆಯಂಥ ಕೊಬ್ಬು. ಇದನ್ನು ಸಾಸಿವೆ ಎಣ್ಣೆಯಲ್ಲಿ ಕರಿದರೆ ಎಣ್ಣೆಯ ಗುಣವೇ ಮುಂದೆ ಬಂದು ಸೋಂಪಿನ ಪರಿಮಳ ಮುಚ್ಚಿಹೋಗುತ್ತದೆ. ಪಂಡಿತರೂ ಇದರ ಸೋದರಸಂಬಂಧಿಯಂತಿರುವ ಕಬರ್ಗಾವನ್ನು ಹಾಲಿನಲ್ಲಿ ಬೇಯಿಸಿ ತುಪ್ಪದಲ್ಲೇ ಕರಿಯುತ್ತಾರೆ.

ಸಸ್ಯಾಹಾರಿಗಳಿಗೆ ಮೋದುರ್ ಪುಲಾವ್ ಇದೆ: ಅಕ್ಕಿ, ಸಕ್ಕರೆ, ಹಾಲು, ಕೇಸರಿ, ದಾಲ್ಚಿನ್ನಿ, ತುಪ್ಪದಲ್ಲಿ ಹುರಿದ ಬಾದಾಮಿ, ದ್ರಾಕ್ಷಿ, ಕೊಬ್ಬರಿ ಚೂರು. ಅಲ್ಲಿ ಕೈ ಬಿಗಿ ಮಾಡಬೇಡಿ. ನಿಮ್ಮದು ಬೆಣ್ಣೆ ದೋಸೆಯ ಊರು, ಇದನ್ನು ನಾನು ಹೇಳಿಕೊಡಬೇಕಿಲ್ಲ.

ಸೊಪ್ಪಿಗೆ ಮಾತ್ರ ತುಪ್ಪ ಬೇಡ. ಹಾಕ್‌ನಲ್ಲಿ ಸೊಪ್ಪು, ಇಂಗು, ಮೆಣಸಿನಕಾಯಿ, ಉಪ್ಪು, ನೀರು ಬಿಟ್ಟರೆ ಬೇರೇನೂ ಇಲ್ಲ. ಎಣ್ಣೆಯ ರುಚಿಯನ್ನು ತೆಗೆದರೆ ಉಳಿಯುವುದು ಬೇಯಿಸಿದ ಎಲೆ.

ಆ ಅರ್ಧ ಬಾಟಲಿಗೆ ಒಂದು ದಾರಿ ಇದೆ. ಕಾಶ್ಮೀರಿಗಳು ನವಿಲುಕೋಸನ್ನು ಎಲೆಸಮೇತ ಬೇಯಿಸುತ್ತಾರೆ, ಮೊಂಜ್ ಹಾಕ್ ಎಂದು ಹೆಸರು. ಸಂತೆಯಲ್ಲಿ ಎಲೆ ಕಿತ್ತು ಎಸೆಯುವ ಮೊದಲೇ ಎಳೆಯ ಗಡ್ಡೆ ಕೇಳಿ ತನ್ನಿ. ಎಣ್ಣೆ ಹೊಗೆಯಾಡಲಿ, ಒಲೆ ಆರಿಸಿ ಒಂದು ನಿಮಿಷ ಬಿಡಿ, ಮತ್ತೆ ಹಚ್ಚಿ ಚಿಟಿಕೆ ಇಂಗು ಹಾಕಿ. ಗಡ್ಡೆಯ ಬಿಲ್ಲೆಗಳನ್ನು ಎರಡು ನಿಮಿಷ ಬಾಡಿಸಿ, ನೀರು ಹೊಯ್ದು, ಕುದಿ ಬಂದ ಮೇಲೆ ಎಲೆ, ಉಪ್ಪು, ಸೀಳಿದ ಹಸಿಮೆಣಸಿನಕಾಯಿ ಸೇರಿಸಿ. ಮುಚ್ಚಳ ಹಾಕಬೇಡಿ, ಎಲೆಯ ಹಸಿರು ಹೋಗುತ್ತದೆ. ಬಿಸಿ ಅನ್ನಕ್ಕೆ ಆ ತೆಳ್ಳನೆ ಸಾರನ್ನೂ ಬಡಿಸಿ. ಈ ಸಲವೂ ಮನೆಯವರು ಮುಟ್ಟದಿದ್ದರೆ ಮತ್ತೆ ಬರೆಯಿರಿ.

– ಸಂಪಾದಕ